ಗಿರಾಕಿಗಳ ವೈಫೈ ಬೇರೆ, ಬಿಲ್ಲಿಂಗ್ ನೆಟ್‌ವರ್ಕ್ ಬೇರೆ: ನನ್ನ ಅನುಭವ

ದಾವಣಗೆರೆಗೆ ಮದುವೆ ಜವಳಿ ತೆಗೆಯಲು ಬಂದವರು ಅಂಗಡಿಯಿಂದ ಬೇಗ ಏಳುವುದಿಲ್ಲ. ಇಡೀ ಮನೆಮಂದಿ ಬಂದಿರುತ್ತಾರೆ. ಸೀರೆ ಫೋಟೊ ತೆಗೆದು ಊರಲ್ಲಿರುವ ಅಜ್ಜಿಗೆ ಕಳಿಸಬೇಕು, ಅವರ ಒಪ್ಪಿಗೆ ಬರಬೇಕು, ಕೊನೆಗೆ ಫೋನಲ್ಲೇ ದುಡ್ಡು ಕಟ್ಟಬೇಕು. ನಾನು ನೆಟ್‌ವರ್ಕ್ ನೋಡಿಕೊಳ್ಳುವ ಮಂಡಿಪೇಟೆಯ ಅಂಗಡಿಯಲ್ಲಿ ಒಳಗಡೆ ಮೊಬೈಲ್ ಸಿಗ್ನಲ್ ಅಷ್ಟಕ್ಕಷ್ಟೆ. "ಅಣ್ಣಾ, ವೈಫೈ ಪಾಸ್‌ವರ್ಡ್ ಹೇಳ್ರಿ" ಅನ್ನುವುದು ಅಲ್ಲಿ ದಿನದ ಮಾತು. ಹೇಳುತ್ತಿದ್ದದ್ದು ಬಿಲ್ಲಿಂಗ್ ಕಂಪ್ಯೂಟರ್‌ಗಳ ಅದೇ ವೈಫೈನ ಪಾಸ್‌ವರ್ಡ್.

ಅದರಲ್ಲೇನು ಅಪಾಯ ಅಂತೀರಾ? ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಯ ಡೇಟಾ ಒಂದು ಕಂಪ್ಯೂಟರ್‌ನ ಶೇರ್ಡ್ ಫೋಲ್ಡರ್‌ನಲ್ಲಿರುತ್ತದೆ. ವಿಂಡೋಸ್‌ನಲ್ಲಿ ಆ ಶೇರಿಂಗ್ ನಡೆಯುವುದು 445ನೇ ಪೋರ್ಟ್ (ಒಂದೊಂದು ಸೇವೆಗೆ ಇರುವ ನಂಬರಿನ ಬಾಗಿಲು) ಮೇಲೆ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಜಗತ್ತಿನಾದ್ಯಂತ ಹರಡಿದ್ದು ಇದೇ ದಾರಿಯಲ್ಲಿ. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ, ಅಪ್‌ಡೇಟ್ ಆಗದ ಕಂಪ್ಯೂಟರ್ ಅದೇ ನೆಟ್‌ವರ್ಕ್‌ನಲ್ಲಿದ್ದರೆ ಸಾಕಿತ್ತು. ಬಂದವರ ಲ್ಯಾಪ್‌ಟಾಪ್‌ನಲ್ಲಿ ಏನಿದೆ ಅಂತ ನಮಗೆ ಹೇಗೆ ಗೊತ್ತಾಗಬೇಕು?

ಸುಮ್ನೆ ಗೆಸ್ಟ್ ಅಂತ ಇನ್ನೊಂದು ವೈಫೈ ಹೆಸರು ಹಾಕಿದರೆ ಆಯ್ತಲ್ಲ ಅಂತ ತುಂಬ ಜನ ಕೇಳುತ್ತಾರೆ. ಎರಡೂ ಹೆಸರುಗಳಿಂದ 192.168.1ರಿಂದ ಶುರುವಾಗುವ ಐಪಿ ವಿಳಾಸವೇ (ನೆಟ್‌ವರ್ಕ್‌ನಲ್ಲಿ ಸಾಧನಕ್ಕೆ ಸಿಗುವ ನಂಬರು) ಸಿಗುತ್ತಿದ್ದರೆ, ಅದು ಒಂದೇ ಕೋಣೆಗೆ ಎರಡು ಬಾಗಿಲು ಇಟ್ಟಂತೆ. ನಡುವೆ ಗೋಡೆ ಬೇಕು. ಒಂದೇ ನೆಟ್‌ವರ್ಕನ್ನು ಬೇರೆ ಬೇರೆ ಭಾಗ ಮಾಡುವ ವಿಲ್ಯಾನ್ ಮತ್ತು ಆ ಭಾಗಗಳ ನಡುವೆ ಏನು ದಾಟಬಹುದು ಅಂತ ತೀರ್ಮಾನಿಸುವ ಫೈರ್‌ವಾಲ್, ಇವೆರಡೇ ಆ ಗೋಡೆ.

ಕೆಲಸಕ್ಕೆ ಕೈ ಹಾಕುವ ಮೊದಲು ಅಂಗಡಿಯಲ್ಲಿ ನೆಟ್ ಬಳಸುವ ಎಲ್ಲವನ್ನೂ ಪಟ್ಟಿ ಮಾಡಿದೆ. ಬಿಲ್ಲಿಂಗ್ ಕಂಪ್ಯೂಟರ್, ಬಾರ್‌ಕೋಡ್ ಪ್ರಿಂಟರ್, ಸಿಸಿಟಿವಿ ದೃಶ್ಯ ದಾಖಲಿಸುವ ಎನ್‌ವಿಆರ್, ಬೆರಳಚ್ಚಿನ ಹಾಜರಿ ಮೆಷಿನ್, ಕೆಲಸದವರ ಫೋನ್, ಯಜಮಾನರ ಫೋನ್, ಗಿರಾಕಿಗಳ ಫೋನ್. ಇಲ್ಲೇ ನನಗೆ ಒಂದು ವಿಷಯ ಖಚಿತವಾಯಿತು. ಯಾರ ಕೈಯಲ್ಲಿದೆ ಅಂತ ನೋಡಿ ನೆಟ್‌ವರ್ಕ್ ಹಂಚಬಾರದು, ಯಾವ ಸಾಧನ ಅಂತ ನೋಡಿ ಹಂಚಬೇಕು. ಕೌಂಟರ್ ಹುಡುಗ ನಂಬಿಕಸ್ಥನೇ. ಆದರೆ ಅವನ ಫೋನಿಗೆ ಎಲ್ಲಿಂದಲೋ ಹಾಕಿಕೊಂಡ ಗೇಮ್‌ಗೂ ಟ್ಯಾಲಿ ಡೇಟಾಗೂ ಏನು ಸಂಬಂಧ? ಕೆಲಸದವರ ಸ್ವಂತ ಫೋನುಗಳೆಲ್ಲ ಗೆಸ್ಟ್ ಕಡೆಗೆ ಹೋದವು. ಯಜಮಾನರಿಗೆ ಮೊದಲು ಸ್ವಲ್ಪ ಬೇಸರವಾಯಿತು. "ನನ್ನ ಅಂಗಡಿಯಲ್ಲಿ ನಾನೇ ಗೆಸ್ಟಾ?" ಅಂದರು. ಅವರ ಫೋನಿಗೆ ಬೇಕಾದದ್ದು ವಾಟ್ಸಾಪ್, ಬ್ಯಾಂಕ್ ಆ್ಯಪ್, ಕ್ಯಾಮೆರಾ ಆ್ಯಪ್. ಮೂರೂ ಇಂಟರ್ನೆಟ್ ಮೂಲಕವೇ ನಡೆಯುತ್ತವೆ ಅಂತ ತೋರಿಸಿದ ಮೇಲೆ ಒಪ್ಪಿದರು.

ಕೊನೆಗೆ ಮೂರು ವಿಲ್ಯಾನ್ ಮಾಡಿದೆ. 10 ಬಿಲ್ಲಿಂಗ್‌ಗೆ, 20 ಗೆಸ್ಟ್‌ಗೆ, 30 ಕ್ಯಾಮೆರಾ ಮತ್ತು ಹಾಜರಿ ಮೆಷಿನ್‌ಗೆ. ವಿಳಾಸಗಳನ್ನೂ ಅದೇ ನಂಬರಿಗೆ ಹೊಂದಿಸಿದೆ: 192.168.10, 192.168.20, 192.168.30. ವಿಳಾಸ ನೋಡಿದ ಕೂಡಲೇ ಎಲ್ಲಿಯದು ಅಂತ ಗೊತ್ತಾಗುತ್ತದೆ. ಎರಡು ಲ್ಯಾನ್ ಪೋರ್ಟ್ ಇರುವ ಮಿನಿ ಪಿಸಿಗೆ ಒಪಿಎನ್‌ಸೆನ್ಸ್ ಅನ್ನುವ ಸಾಫ್ಟ್‌ವೇರ್ ಹಾಕಿದೆ. ಇದು 2015ರಲ್ಲಿ ಪಿಎಫ್‌ಸೆನ್ಸ್ ಅನ್ನುವ ಇನ್ನೊಂದು ಫೈರ್‌ವಾಲ್‌ನಿಂದ ಕವಲೊಡೆದ ಉಚಿತ ಫೈರ್‌ವಾಲ್. ಕೇಬಲ್‌ಗಳನ್ನು ಜೋಡಿಸುವ ಹಳೆ ಸಾದಾ ಸ್ವಿಚ್ ತೆಗೆದು, ಪೋರ್ಟ್‌ಗಳ ಸೆಟ್ಟಿಂಗ್ ಬದಲಿಸಬಹುದಾದ ಮ್ಯಾನೇಜ್ಡ್ ಸ್ವಿಚ್ ಹಾಕಲೇಬೇಕಾಯಿತು. ಸಾದಾ ಸ್ವಿಚ್‌ಗೆ ವಿಲ್ಯಾನ್‌ಗಳನ್ನು ಬೇರೆ ಮಾಡಿ ಇಡಲು ಬರುವುದಿಲ್ಲ. ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಈಗ ಮುಖ್ಯವಾದ ಭಾಗ, ಗೆಸ್ಟ್ ಕಡೆಯ ನಿಯಮಗಳು. ಒಪಿಎನ್‌ಸೆನ್ಸ್‌ನಲ್ಲಿ ಹೊಸ ಇಂಟರ್‌ಫೇಸ್ (ಒಂದೊಂದು ವಿಲ್ಯಾನ್‌ಗೆ ಒಂದೊಂದು ಪ್ರವೇಶದ್ವಾರ) ಮಾಡಿದಾಗ ಅದರಲ್ಲಿ ಯಾವ ನಿಯಮವೂ ಇರುವುದಿಲ್ಲ, ಅಂದರೆ ಎಲ್ಲವೂ ಬಂದ್. ಇದೇ ಒಳ್ಳೆಯ ಆರಂಭ. ನಿಯಮಗಳನ್ನು ಮೇಲಿನಿಂದ ಕೆಳಗೆ ಓದುತ್ತದೆ, ಮೊದಲು ಹೊಂದಿದ್ದೇ ಅಂತಿಮ. ಹಾಗಾಗಿ ಸಾಲು ಹಿಂದುಮುಂದಾದರೆ ಕಥೆ ಮುಗಿಯಿತು.

ಮೊದಲ ಸಾಲು: ವೆಬ್‌ಸೈಟ್ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ಗಾಗಿ ಫೈರ್‌ವಾಲ್‌ನ 53ನೇ ಪೋರ್ಟ್‌ಗೆ ಮಾತ್ರ ಅನುಮತಿ. ಎರಡನೆಯದು: ಫೈರ್‌ವಾಲ್‌ನ ಉಳಿದೆಲ್ಲದಕ್ಕೂ ತಡೆ. ಇಲ್ಲಿ ಗೆಸ್ಟ್ ಕಡೆ ಫೈರ್‌ವಾಲ್‌ಗೆ ಇರುವ 192.168.20.1 ಅಂತ ಒಂದೇ ವಿಳಾಸ ಬರೆದರೆ ಸಾಲದು. ಫೈರ್‌ವಾಲ್‌ಗೆ ಪ್ರತಿ ವಿಲ್ಯಾನ್‌ನಲ್ಲೂ ಹೊರಗಿನ ಕಡೆಗೂ ಒಂದೊಂದು ವಿಳಾಸ ಇರುತ್ತದೆ, ಅವುಗಳ ಮೂಲಕವೂ ಅಡ್ಮಿನ್ ಪುಟ ತೆರೆಯಬಹುದು. 'ದಿಸ್ ಫೈರ್‌ವಾಲ್' ಅನ್ನುವ ಆಯ್ಕೆ ಎಲ್ಲವನ್ನೂ ಒಟ್ಟಿಗೆ ಹಿಡಿಯುತ್ತದೆ. ಮೂರನೆಯದು: 10, 172.16ರಿಂದ 172.31, ಮತ್ತು 192.168ರಿಂದ ಶುರುವಾಗುವ ಎಲ್ಲ ಖಾಸಗಿ ವಿಳಾಸಗಳಿಗೂ ತಡೆ. ನಾಲ್ಕನೆಯದು: ಮಿಕ್ಕಿದ್ದಕ್ಕೆಲ್ಲ ಅನುಮತಿ, ಅಂದರೆ ಇಂಟರ್ನೆಟ್.

ಮೂರನೇ ಸಾಲು ನೋಡಿ ಕೆಲವರು ಹೆದರುತ್ತಾರೆ. ಇಂಟರ್ನೆಟ್ ಕಂಪನಿ ಕೊಟ್ಟ ರೌಟರ್ 192.168.1.1ರಲ್ಲೇ ಇದೆಯಲ್ಲ, ಅದನ್ನೂ ತಡೆದರೆ ನೆಟ್ ನಿಂತುಹೋಗಲ್ವಾ? ನಿಲ್ಲುವುದಿಲ್ಲ. ಫೈರ್‌ವಾಲ್ ನೋಡುವುದು ಪ್ಯಾಕೆಟ್ (ಡೇಟಾದ ತುಣುಕು) ಕೊನೆಗೆ ಸೇರಬೇಕಾದ ವಿಳಾಸವನ್ನು, ನಡುವೆ ದಾಟುವ ರೌಟರ್ ವಿಳಾಸವನ್ನಲ್ಲ. ಗೆಸ್ಟ್‌ಗಳ ವೀಡಿಯೊ ಆ ರೌಟರ್ ದಾಟಿ ಬರುತ್ತದೆ, ಆದರೆ ರೌಟರ್‌ನ ಸೆಟ್ಟಿಂಗ್ ಪುಟ ಅವರಿಗೆ ತೆರೆಯುವುದಿಲ್ಲ. ಫ್ಯಾಕ್ಟರಿ ಪಾಸ್‌ವರ್ಡ್‌ನಲ್ಲೇ ಇರುವ ರೌಟರ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅದಕ್ಕೇ ಈ ಸಾಲಿನ ಮೇಲೆ ನನಗೆ ಜಾಸ್ತಿ ಅಕ್ಕರೆ.

ಫೈರ್‌ವಾಲ್‌ನಿಂದ ಆಗದ ಒಂದು ಕೆಲಸ ಇದೆ. ಒಬ್ಬ ಗೆಸ್ಟ್ ಫೋನಿನಿಂದ ಇನ್ನೊಬ್ಬ ಗೆಸ್ಟ್ ಫೋನಿಗೆ ಹೋಗುವ ಟ್ರಾಫಿಕ್ ಅದರವರೆಗೆ ಬರುವುದೇ ಇಲ್ಲ, ವೈಫೈ ಸಿಗ್ನಲ್ ಕೊಡುವ ಆಕ್ಸೆಸ್ ಪಾಯಿಂಟ್‌ನಲ್ಲೇ ತಿರುಗಿಬಿಡುತ್ತದೆ. ಅದಕ್ಕೆ ಅಲ್ಲೇ ಫೋನುಗಳು ಒಂದಕ್ಕೊಂದು ತಲುಪದಂತೆ ತಡೆಯುವ ಕ್ಲೈಂಟ್ ಐಸೋಲೇಶನ್ ಆನ್ ಮಾಡಬೇಕು. ಇನ್ನು ಐಪಿವಿ6, ಅಂದರೆ ಹೊಸ ಬಗೆಯ ಉದ್ದನೆಯ ಐಪಿ ವಿಳಾಸ. ಮೂರನೇ ಸಾಲಿನ ಪಟ್ಟಿ ಹಳೆ ಬಗೆಯ ಐಪಿವಿ4ಕ್ಕೆ ಮಾತ್ರ. ಗೆಸ್ಟ್ ಕಡೆ ನಾನು ಐಪಿವಿ6 ಕೊಡಲೇ ಇಲ್ಲ.

ಕ್ಯಾಮೆರಾ ಕಡೆಗೆ ಒಂದೇ ದಿಕ್ಕಿನ ದಾರಿ. ಬಿಲ್ಲಿಂಗ್ ಕಂಪ್ಯೂಟರ್‌ನಿಂದ ಎನ್‌ವಿಆರ್ ನೋಡಬಹುದು, ಎನ್‌ವಿಆರ್ ತಾನಾಗಿ ಬಿಲ್ಲಿಂಗ್ ಕಡೆ ಬರುವಂತಿಲ್ಲ. ಕೇಳಿದ್ದಕ್ಕೆ ಉತ್ತರ ಮಾತ್ರ ತಾನಾಗಿಯೇ ವಾಪಸ್ ಬರುತ್ತದೆ, ಅದಕ್ಕೆ ಬೇರೆ ನಿಯಮ ಬೇಡ.

ಪರೀಕ್ಷೆಯನ್ನು ಗಿರಾಕಿ ಕೂರುವ ಗಾದಿಯ ಮೇಲೆ ಕೂತೇ ಮಾಡಿದೆ. ಲ್ಯಾಪ್‌ಟಾಪನ್ನು ಗೆಸ್ಟ್ ವೈಫೈಗೆ ಸೇರಿಸಿ ಬಿಲ್ಲಿಂಗ್ ಕಂಪ್ಯೂಟರ್‌ಗೆ ಪಿಂಗ್ (ಇದ್ದೀಯಾ ಅಂತ ಕೇಳುವ ಸಂದೇಶ) ಕಳಿಸಿದೆ, 445ನೇ ಪೋರ್ಟ್ ತಟ್ಟಿದೆ, ಫೈರ್‌ವಾಲ್ ಪುಟ ತೆರೆಯಲು ನೋಡಿದೆ. ತಡೆಯುವ ಸಾಲುಗಳಿಗೆ ಲಾಗ್ ಆನ್ ಇಟ್ಟಿದ್ದರಿಂದ ಪ್ರತಿಯೊಂದೂ ಲೈವ್ ವ್ಯೂನಲ್ಲಿ ಕೆಂಪಾಗಿ ಬಿತ್ತು. ಒಂದು ಎಚ್ಚರ: ನಿಯಮ ಬದಲಿಸಿದ ಮೇಲೂ ಅದಕ್ಕೆ ಮೊದಲೇ ಶುರುವಾಗಿದ್ದ ಸಂಪರ್ಕ ಹಾಗೇ ನಡೆಯುತ್ತಿರುತ್ತದೆ. ಈ ಸಂಪರ್ಕಗಳ ಪಟ್ಟಿಯಾದ ಸ್ಟೇಟ್ ಟೇಬಲ್ ಖಾಲಿ ಮಾಡಿಯೇ ಪರೀಕ್ಷೆ ಮಾಡಬೇಕು, ಇಲ್ಲದಿದ್ದರೆ ನಿಯಮ ಕೆಲಸ ಮಾಡುತ್ತಿಲ್ಲ ಅಂತ ಸುಮ್ಮನೆ ತಲೆ ಕೆಡುತ್ತದೆ.

ಗೋಡೆಯ ಲ್ಯಾನ್ ಪಾಯಿಂಟ್‌ಗಳನ್ನೂ ಮರೆಯಬಾರದು. ಗಿರಾಕಿಗಳ ಕೈಗೆಟಕುವ ಖಾಲಿ ಪಾಯಿಂಟ್‌ಗಳನ್ನು ಸ್ವಿಚ್‌ನಲ್ಲೇ ಆಫ್ ಮಾಡಿದೆ. ಗೆಸ್ಟ್ ಪಾಸ್‌ವರ್ಡ್ ಈಗ ಕ್ಯಾಶ್ ಕೌಂಟರ್ ಹತ್ತಿರ ದೊಡ್ಡ ಅಕ್ಷರದಲ್ಲಿ ಅಂಟಿಸಿದೆ. ಯಾವ ಪೋರ್ಟ್‌ಗೆ ಯಾವ ವಿಲ್ಯಾನ್ ಅಂತ ಬರೆದ ಹಾಳೆಯನ್ನು ರ‍್ಯಾಕ್ ಬಾಗಿಲಿನ ಒಳಗಡೆ ಅಂಟಿಸಿ, ಫೈರ್‌ವಾಲ್ ಸೆಟ್ಟಿಂಗ್‌ನ ಬ್ಯಾಕಪ್ ಇರುವ ಪೆನ್‌ಡ್ರೈವ್ ಯಜಮಾನರ ಕೈಗೆ ಕೊಟ್ಟಿದ್ದೇನೆ.