ಫೈಲ್ ಫೈಲ್ ಹೊರಬ್ಯಾಡ್ರಿ, ಚೀಲಾ ಕಟ್ರಿ (ನನ್ನ ಅನುಭವ)

ಹೋದ ಬ್ಯಾಸಗಿದಾಗ ಒಂದು ವೆಬ್‌ಸೈಟಿಗಿ ಸಾವಿರಾರು ಫೋಟೊ ಏರ್ಸಿದ (ಅಪ್‌ಲೋಡ್ ಮಾಡಿದ) ಕೆಲಸ ಇದು, ಬರೀಬೇಕು ಬರೀಬೇಕು ಅಂತ ಹಂಗೇ ಉಳ್ದಿತ್ತು. ಈಗ ಯಾಕ ಬರೀಲಾಕತ್ತೀನಿ ಅಂದ್ರ, ಅವತ್ತು "ಇದು ಆಗೋ ಮಾತಲ್ಲ, ಹಾರ್ಡ್‌ಡಿಸ್ಕ್ ತಗೊಂಡು ಹೈದರಾಬಾದಿಗಿ ಹೋಗಿ ಅಲ್ಲಿನ ನೆಟ್‌ನಾಗ ಏರ್ಸು" ಅಂತ ಹಲ್ ಕಿಸ್ದಿದ್ದ ಕಲಬುರಗಿ ಸೂಪರ್ ಮಾರ್ಕೆಟ್‌ನ ನನ್ನ ದೋಸ್ತ ಮೊನ್ನಿ ತಾನೇ ಫೋನ್ ಮಾಡಿ "ಅಣ್ಣಾ, ಆ ಮೊಬೈಲ್‌ದಾಗ ಹೆಂಗ ಏರ್ಸಿದಿ ಸ್ವಲ್ಪ ಹೇಳು" ಅಂದ. ಅವನಿಗಿ ಹೇಳಿದ್ದಕ್ಕಿಂತ ಇಲ್ಲಿ ಜಾಸ್ತಿ ಬರ್ದೀನಿ, ಪೂರಾ ಮಾತ್ರ ಬರ್ದಿಲ್ಲ.

ಕೆಲಸ ಏನಂದ್ರ, ನಮ್ಮ ಕಡಿ ಒಂದು ಮಠದವರು 1994ರಿಂದ 2021ರ ತನಕ ತಂದ ಮಾಸಪತ್ರಿಕಿ, 28 ವರ್ಷದ್ದು, ಎಲ್ಲಾ ಸ್ಕ್ಯಾನ್ ಮಾಡ್ಸಿ ಇಟ್ಟಿದ್ರು. ಸಂಚಿಕಿಗಿ ಸುಮಾರು 60 ಪುಟ, ಪುಟಕ್ಕ ದೊಡ್ಡ ಫೋಟೊ ಒಂದು ಸಣ್ಣದೊಂದು, ಅಂದ್ರ ಹತ್ರಹತ್ರ 40 ಸಾವಿರ ಫೈಲ್, 11 ಜಿಬಿ. ಸೈಟ್ ಮಾಡೋದು ಏರ್ಸೋದು ಎಲ್ಲಾ ಸೇರಿ 18 ಸಾವಿರಕ್ಕ ಮಾತಾಗಿತ್ತು, 6 ಸಾವಿರ ಮುಂಗಡ. ಅಪ್ಪಾವ್ರು (ಮಠದ ಸ್ವಾಮಿಗೋಳು) "ಜಾತ್ರಿ ಒಳಗ ಆಗ್ಬೇಕು ನೋಡಪಾ" ಅಂದ್ರು, ನಾನೂ "ಆಯ್ತ್ರಿ ಅಪ್ಪಾ, ಎಂಟು ದಿನದ ಕೆಲಸ" ಅಂತ ಧಿಮಾಕಿನಾಗ ಹೇಳಿ ಬಂದೆ. ಸೈಟ್ ಖರೇನೂ ನಾಲ್ಕೇ ದಿನದಾಗ ಮುಗೀತು. ಏರ್ಸಲಾಕ ಇಪ್ಪತ್ತು ದಿನ ಹಿಡೀತು.

ಮೊದಲನೇ ಸಲ ಎಲ್ಲರೂ ಮಾಡೂಹಂಗೇ ಮಾಡ್ದೆ. ಫೈಲ್‌ಝಿಲ್ಲಾ (ಎಫ್‌ಟಿಪಿಲೆ, ಅಂದ್ರ ನೆಟ್ ಮ್ಯಾಲ ಫೈಲ್ ಕಳಿಸೋ ಪದ್ಧತಿಲೆ, ಏರ್ಸೋ ಸಾಫ್ಟ್‌ವೇರ್) ತೆಗ್ದು ಎಡಗಡಿ ಫೋಲ್ಡರ್ ಹಿಡ್ದು ಬಲಗಡಿ ಸರ್ವರ್‌ನ (ಸೈಟ್ ಇಡೋ ದೂರದ ಕಂಪ್ಯೂಟರ್‌ನ) ಪಬ್ಲಿಕ್ ಎಚ್‌ಟಿಎಮ್‌ಎಲ್ ಫೋಲ್ಡರ್ ಒಳಗ ಎಳ್ದು ಬಿಟ್ಟು ಊಟಕ್ಕ ಹೋದೆ. ಬಂದು ನೋಡಿದ್ರ ಒಂದು ತಾಸಿನಾಗ ಎರಡು ಸಾವಿರ ಚಿಲ್ಲರ ಫೈಲ್ ಹೋಗಿದ್ವು, ಮುಂದ ಕೆಂಪು ಅಕ್ಷರ ಸಾಲು ಸಾಲು. ನನ್ನ ಅಂಗಡಿದಾಗ ಆಗ ಬ್ರಾಡ್‌ಬ್ಯಾಂಡ್ ಇದ್ದಿಲ್ಲ, ಮೊಬೈಲ್ ಹಾಟ್‌ಸ್ಪಾಟ್ ಮ್ಯಾಲೇ ಬಾಳೇವು. ಏರ್ಸೋ ಸ್ಪೀಡು ಛಲೋ ಇದ್ದಾಗ 4 ಎಂಬಿಪಿಎಸ್ ಬರೋದು. ಆ ಲೆಕ್ಕದಾಗ 11 ಜಿಬಿಗಿ ಆರು ತಾಸು ಸಾಕು. ಆದ್ರ ಸರ್ವರ್ ಅಮೆರಿಕಾದಾಗ, ಪಿಂಗ್ (ಸುದ್ದಿ ಹೋಗಿ ಬರೋ ಹೊತ್ತು) 250 ಮಿಲಿಸೆಕೆಂಡಿನ ಮ್ಯಾಲ, ಒಂದೊಂದು ಫೈಲಿಗೂ ಹೊಸದಾಗಿ ಬಾಗ್ಲು ಬಡ್ದು "ಬರ್ಲೇನು" "ಬಾ" "ಬಂತು" ಅಂತ ಮಾತುಕತಿ ನಡಿಬೇಕು, ಫೈಲಿಗಿ ಒಂದು ಸೆಕೆಂಡು ಬರೇ ಇದಕ್ಕೇ ಹೋಯ್ತು ಅಂತ ಹಿಡೀರಿ, 40 ಸಾವಿರ ಸೆಕೆಂಡು ಅಂದ್ರ ಹನ್ನೊಂದು ತಾಸು ಮ್ಯಾಲಿಂದು. ಅದೂ ಲೈನ್ ಕಟ್ ಆಗದಿದ್ರ.

ಜಲ್ದಿ ಆಗ್ಲಿ ಅಂತ ಒಂದೇ ಹೊತ್ನಾಗ ಹೋಗೋ ಫೈಲ್ 2 ಇದ್ದದ್ದು 10 ಮಾಡ್ದೆ. ಮೊದಲ ಹತ್ತು ನಿಮಿಷ ಬುಲೆಟ್ ಗಾಡಿ ಹೋದಂಗ ಹೋಯ್ತು, ಆಮ್ಯಾಲ 421 ಎರರ್, ಕನೆಕ್ಷನ್ ಭಾಳ ಆದ್ವು ಅಂತ, ಅದಾದ ಮ್ಯಾಲ ಸರ್ವರ್ ನನ್ನ ಐಪಿನೇ (ನೆಟ್‌ನಾಗಿನ ನನ್ನ ವಿಳಾಸ) ಬ್ಲಾಕ್ ಮಾಡಿ ಕುಂತ್ಕೊಂತು, ಸೈಟ್ ಸುದ್ದಾ ತೆರೀವಲ್ದು. ಫ್ಲೈಟ್ ಮೋಡ್ ಹಾಕಿ ತೆಗ್ದೆ, ಹೊಸ ಐಪಿ ಬಂತು, ಚಾಲೂ. ಆ ಹಳೇ ಐಪಿ ಆಮ್ಯಾಲ ಯಾರ ತೆಲಿಗಿ ಬಿತ್ತೋ ಏನೋ, ಮೊಬೈಲ್‌ನಾಗ ಒಂದೇ ಐಪಿ ಎಷ್ಟೋ ಮಂದಿಗಿ ಹಂಚಿರ್ತದಲ್ಲ.

ಇದೇ ಗದ್ಲದಾಗ ಇನ್ನೊಂದು ಮಂಗ್ಯಾತನ ಆಗಿತ್ತು. ಹಿಂದ ಯಾವ್ದೋ ಹಳೇ ಸ್ಕ್ರಿಪ್ಟ್ ಏರ್ಸುವಾಗ ಟ್ರಾನ್ಸ್‌ಫರ್ ಟೈಪ್ ಆಸ್ಕಿ (ಬರೇ ಅಕ್ಷರದ ಫೈಲಿಗಿ ಇರೋದು) ಅಂತ ಇಟ್ಟವ ವಾಪಸ್ ಆಟೋ ಮಾಡೋದು ಮರ್ತಿದ್ದೆ. ಏರಿದ ಫೋಟೊ ತೆಗ್ದು ನೋಡಿದ್ರ ಮ್ಯಾಲಿನ ಕಾಲು ಭಾಗ ಅಪ್ಪಾವ್ರ ಮುಖ, ಕೆಳಗ ಪೂರಾ ಬೂದಿ ಬಣ್ಣ. ಸ್ಕ್ಯಾನೇ ಹಾಳಾಗ್ಯಾದ ಅಂತ ಸ್ಕ್ಯಾನ್ ಮಾಡಿದ ಹುಡುಗನ್ನ ಬೈದು ಬಿಟ್ಟೆ ಪಾಪ. ಆಮ್ಯಾಲ ಸೈಜ್ ನೋಡಿದ್ರ ಒಂದೊಂದು ಫೈಲೂ ಏಳೆಂಟು ಬೈಟ್ ಅಷ್ಟೇ ಕಮ್ಮಿ! ಐದು ಲಕ್ಷ ಬೈಟಿನಾಗ ಏಳೆಂಟು. ಆಸ್ಕಿದಾಗ ಕಳಿಸಿದ್ರ ಸರ್ವರು ಅದನ್ನ ಟೆಕ್ಸ್ಟ್ ಅಂತ ತಿಳ್ಕೊಂಡು ವಿಂಡೋಸ್‌ನ ಸಾಲಿನ ಕೊನಿ ಗುರ್ತು ಎಲ್ಲಿ ಕಂಡ್ರೂ ಅದರಾಗಿಂದ ಒಂದು ಬೈಟ್ ಹೊಡ್ದು ಹಾಕ್ತದ, ಫೋಟೊದ ಮಧ್ಯದಾಗ ಅಂಥಾ ಜೋಡಿ ಅಲ್ಲೊಂದು ಇಲ್ಲೊಂದು ಸಿಕ್ಕೇ ಸಿಗ್ತಾವ. ಹುಡುಗನ್ನ ಕರ್ದು ಚಾ ಕುಡ್ಸಿದೆ. ಮೂರು ಜಿಬಿ ಡೇಟಾ ನೀರಿನಾಗ ಹೋಯ್ತು.

ಎರಡನೇ ಸಲ ಶಾಣ್ಯಾತನ ಮಾಡ್ದೆ ಅನ್ಕೊಂಡೆ. ಪೂರಾ 11 ಜಿಬಿನೂ ಸೆವೆನ್‌ಝಿಪ್‌ನಾಗ (ಫೈಲ್ ಎಲ್ಲಾ ಒಂದರಾಗ ಕಟ್ಟೋ ಸಾಫ್ಟ್‌ವೇರ್) ಕಟ್ಟಿ 500 ಎಂಬಿದು ಒಂದೊಂದು ತುಂಡು ಮಾಡಿ, 22 ತುಂಡು, ವಿನ್‌ಎಸ್‌ಸಿಪಿ ಅನ್ನೋ ಇನ್ನೊಂದು ಏರ್ಸೋ ಸಾಫ್ಟ್‌ವೇರ್‌ದಾಗ ಎಸ್‌ಎಫ್‌ಟಿಪಿ (ಗುಪ್ತವಾಗಿ ಕಳಿಸೋ ಪದ್ಧತಿ) ಹಚ್ಚಿ ಬಿಟ್ಟೆ. ವಿನ್‌ಎಸ್‌ಸಿಪಿ ಈ ವಿಷಯದಾಗ ನನಗ ಸೇರ್ತದ, ಅರ್ಧ ಹೋದ ಫೈಲಿಗಿ ಫೈಲ್‌ಪಾರ್ಟ್ ಅಂತ ಬಾಲ ಹಚ್ಚಿ ಇಡ್ತದ, ಪೂರಾ ಆದ ಮ್ಯಾಲೇ ಖರೇ ಹೆಸ್ರು ಕೊಡ್ತದ, ಯಾವ್ದು ಅರ್ಧ ಯಾವ್ದು ಪೂರಾ ಕಣ್ಣಿಗೇ ಕಾಣ್ತದ. ಮೂರು ರಾತ್ರಿ ಕುಂತು 22 ತುಂಡೂ ಏರ್ಸಿದೆ. ಮುಂಜಾನಿ ಖುಷಿದಾಗ ಸರ್ವರ್‌ನಾಗ ತುಂಡು ಜೋಡಿಸ್ಲಾಕ ಹೋದ್ರ ನಡುವೇ ನಿಂತುಬಿಡ್ತು, ಜಾಗಾ ಇಲ್ಲ ಅಂತ. ನಾ ತಗೊಂಡಿದ್ದು ವರ್ಷಕ್ಕ 2,600ರ ಹೋಸ್ಟಿಂಗ್ (ಸರ್ವರ್‌ನಾಗ ಸೈಟ್ ಇಡೋ ಬಾಡಿಗಿ) ಪ್ಲಾನು, 20 ಜಿಬಿ ಜಾಗಾ. ತುಂಡು 11, ಜೋಡಿಸಿದ್ದು ಇನ್ನೊಂದು 11, ಅಲ್ಲೇ 22 ಆಯ್ತು, ಬಿಚ್ಚೋ ಮಾತು ದೂರೇ ಉಳೀತು. ಸಪೋರ್ಟ್‌ನವರಿಗಿ ಕೇಳಿದ್ರ 9 ಸಾವಿರದ ಪ್ಲಾನಿಗಿ ಏರ್ರಿ ಅಂದ್ರು. 18 ಸಾವಿರದ ಕೆಲಸದಾಗ 9 ಸಾವಿರ ಅವರಿಗೇ ಕೊಟ್ಟು ನಾ ಏನು ಮಣ್ಣು ತಿನ್ಲಿ. 22 ತುಂಡೂ ಅಳಸ್ದೆ. ಆ ಡಿಲೀಟ್ ಒತ್ತುವಾಗಿನ ಸಂಕಟ ಏರ್ಸಿದವನಿಗೇ ಗೊತ್ತು.

ಅವತ್ತೇ ನೆಹರು ಗಂಜಿಗಿ ಹೋಗಿದ್ದೆ, ಒಂದು ದಾಲ್ ಮಿಲ್ ಸಾವುಕಾರ್ರ ಹತ್ರ ಹಳೇ ಬಾಕಿ ವಸೂಲಿಗಿ (ಕೊಡಲಿಲ್ಲ, ಅದು ಬ್ಯಾರೆ ಕಥಿ). ಹೊರಗ ಲಾರಿಗಿ ತೊಗರಿ ಏರ್ಸಲಾಕತ್ತಿದ್ರು. ಒಂದು ಚೀಲದ ಬಾಯಿ ಹರ್ದು ಕಾಳು ಚೆಲ್ಲಿದ್ವು, ಹೊಸಾ ಹುಡುಗೊಬ್ಬ ಬೊಗಸಿಲೇ ತುಂಬ್ಲಾಕತ್ತಿದ್ದ. ಹಮಾಲಿ ಕಾಕಾ ಒಬ್ರು "ಏ ತಮ್ಮಾ, ಕಾಳ್ ಕಾಳ್ ಆರ್ಸಿಕೋಂತ ಕುಂತ್ರ ಲಾರಿ ಯಾವಾಗ ಹೊಂಡಬೇಕು, ಆ ಚೀಲ ಅತ್ತಾಗಿಡು, ಉಳ್ದದ್ದು ಏರ್ಸು" ಅಂದ್ರು. ಅಲ್ಲೇ ನಿಂತು ನನ್ನ ತೆಲಿದಾಗ ಬಲ್ಬ್ ಹತ್ತಿತು. ಒಂದೊಂದೇ ಕಾಳೂ ಬ್ಯಾಡ, ಇಡೀ ಲಾರಿನೂ ಬ್ಯಾಡ, ಚೀಲ ಕಟ್ಟಬೇಕು. ವರ್ಷಕ್ಕೊಂದು ಚೀಲ. ತಂದಂಗ ಬಿಚ್ಚು, ಖಾಲಿ ಚೀಲ ಒಗಿ, ಮುಂದಿಂದು ತಾ. ಒಂದು ಚೀಲ ಹಾಳಾದ್ರ ಅದೊಂದೇ ಹಾಳು.

28 ಝಿಪ್ ಆದ್ವು, ಒಂದೊಂದು 400 ಎಂಬಿ ಆಸುಪಾಸು. ಫೋಟೊ ಮೊದ್ಲೇ ಹಿಂಡಿದ್ದು, ಮತ್ತ ಹಿಂಡಿ ಉಪಯೋಗಿಲ್ಲ, ಸ್ಟೋರ್ ಅಂತ ಇಟ್ಟು ಬರೇ ಕಟ್ಟಿದೆ, ಐದು ನಿಮಿಷದಾಗ ಎಲ್ಲಾ ತಯಾರು. ಆದ್ರ ಕಟ್ಟೋಕಿಂತ ಮೊದ್ಲ ಹೆಸರಿನ ಲಫಡಾ ಬಗೀಹರಿಸ್ಬೇಕಾಯ್ತು. ಸ್ಕ್ಯಾನ್ ಹುಡುಗ ಪ್ರೀತಿಲೆ ಕನ್ನಡದಾಗೇ ಜನವರಿ ಪುಟ ಒಂದು ಅಂತ ಹೆಸರಿಟ್ಟಿದ್ದ. ಪರೀಕ್ಷಾಕ್ಕ ಒಂದು ಝಿಪ್ ಏರ್ಸಿ ಬಿಚ್ಚಿದ್ರ ಸರ್ವರ್‌ನಾಗ ಹೆಸರೆಲ್ಲಾ ಪ್ರಶ್ನಾರ್ಥಕ ಚಿಹ್ನಿ. ಒಂದೊಂದೇ ಫೈಲ್ ಕಳಿಸಿದ್ರ ಹೆಸರು ಸರಿ ಹೋಗ್ತಾವ ಖರೇ, ಆದ್ರ ಆ ಲಿಂಕ್ ವಾಟ್ಸಾಪಿನಾಗ ಹಾಕಿದ್ರ ಶೇಕಡಾ ಚಿಹ್ನಿ ಇ0 ಬಿ2 ಅಂತ ಮಾರುದ್ದ ಆಗ್ತದ, ನಮ್ಮ ಅಕ್ಷರ ಒಂದೊಂದಕ್ಕೂ ಮೂರು ಬೈಟು, ಕಾಗುಣಿತ ಒತ್ತಕ್ಷರಕ್ಕ ಇನ್ನೂ ಜಾಸ್ತಿ. ಎಲ್ಲಾ ಅಂಕಿಗಿ ಬದಲಿ ಮಾಡ್ದೆ. ಅದ್ರ ಜೊತಿಗೇ ಜೆಪಿಜಿ ಅನ್ನೋದು ಕೆಲವು ದೊಡ್ಡ ಅಕ್ಷರದಾಗ ಕೆಲವು ಸಣ್ಣಕ್ಷರದಾಗ ಇದ್ದದ್ದನ್ನೂ ಪೂರಾ ಸಣ್ಣಕ್ಷರ ಮಾಡ್ದೆ, ನನ್ನ ವಿಂಡೋಸ್ ಎರಡೂ ಒಂದೇ ಅಂತ ನಡಸ್ತದ, ಸರ್ವರ್‌ನಾಗಿನ ಲಿನಕ್ಸ್ ಬ್ಯಾರೆ ಬ್ಯಾರೆ ಹೆಸರು ಅಂತ ತಿಳೀತದ.

ಮೊದಲ ಮೂರು ಚೀಲ ಲ್ಯಾಪ್‌ಟಾಪಿಂದ ಫೈಲ್‌ಝಿಲ್ಲಾದಾಗೇ ಹಾಕಿದೆ. ನಾಲ್ಕನೇದಕ್ಕ ಕರೆಂಟ್ ಹೋಯ್ತು. ಏಪ್ರಿಲ್ ಕೊನಿ, ನಮ್ಮ ಕಡಿ ಆ ಹೊತ್ನಾಗ ಕರೆಂಟಿಂದು ಹೇಳೋದೇ ಬ್ಯಾಡ, ನನ್ನ ಲ್ಯಾಪ್‌ಟಾಪ್ ಬ್ಯಾಟರಿ ಇಪ್ಪತ್ತು ನಿಮಿಷದ್ದು. ಕತ್ತಲ್ದಾಗ ಕುಂತು ನೋಡ್ಲಾಕತ್ತೀನಿ, ಹಾಟ್‌ಸ್ಪಾಟ್ ಕೊಟ್ಟ ಮೊಬೈಲ್ ಮಾತ್ರ ಮಿಣಮಿಣ ಜೀವಂತ ಅದ. ನೆಟ್ ಇದರಾಗೇ ಅದ, ಬ್ಯಾಟರಿ ಇದರಾಗೇ ಅದ, ಜಾಗಾ 128 ಜಿಬಿ ಅದ, ಮತ್ತ ಲ್ಯಾಪ್‌ಟಾಪ್ ಯಾಕ ಬೇಕು?

ದೋಸ್ತನಿಗಿ ಹೇಳ್ದಾಗ ನಕ್ಕಿದ್ದು ಇದಕ್ಕೇ. ಮರುದಿನ 25 ಚೀಲ ವೈರ್ ಹಾಕಿ ಮೊಬೈಲಿಗಿ ಇಳಿಸ್ದೆ, ಟರ್ಮಕ್ಸ್ (ಮೊಬೈಲ್‌ದಾಗ ಲಿನಕ್ಸ್ ಕಮಾಂಡ್ ಹೊಡಿಯೋ ಆ್ಯಪ್) ಹಾಕಿ ಅದರಾಗ ಆರ್‌ಸಿಂಕ್ (ಫೈಲ್ ಕಳಿಸೋದು), ಎಸ್‌ಎಸ್‌ಎಚ್ (ಸರ್ವರ್ ಒಳಗ ಗುಪ್ತವಾಗಿ ಹೋಗೋದು) ತುಂಬ್ಕೊಂಡೆ. ಹೋಸ್ಟಿಂಗ್‌ನವರು ಎಸ್‌ಎಸ್‌ಎಚ್ ಮುಚ್ಚಿ ಇಟ್ಟಿದ್ರು, ಟಿಕೆಟ್ ಹಾಕಿ ಕೇಳಿದ್ರ ಪುಕ್ಕಟೆ ತೆರ್ದು ಕೊಟ್ರು, ಪೋರ್ಟ್ (ಒಳಗ ಹೋಗೋ ಬಾಗ್ಲಿನ ನಂಬರು) ಯಾವಾಗ್ಲೂ ಇರೋ 22 ಅಲ್ಲ ಬ್ಯಾರೆ ಇತ್ತು, ಅದು ತಿಳೀಲಾರ್ದೇ ಅರ್ಧ ದಿನ ಹೋಯ್ತು. ಟರ್ಮಕ್ಸ್‌ನಾಗ ವೇಕ್‌ಲಾಕ್ ಹಾಕೋದು ಮರೀಬ್ಯಾಡ್ರಿ, ಇಲ್ಲಂದ್ರ ಸ್ಕ್ರೀನ್ ಆರಿದ ಸ್ವಲ್ಪ ಹೊತ್ತಿಗಿ ಆಂಡ್ರಾಯ್ಡ್ ಅದನ್ನ ಮಲಗಿಸಿಬಿಡ್ತದ. ಆರ್‌ಸಿಂಕಿಗಿ ಪಾರ್ಶಿಯಲ್ ಆಪ್ಷನ್ ಕೊಟ್ರ ಲೈನ್ ಹೋದ್ರೂ ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಹಿಡೀತದ. ಲೈನ್ ಹೋದಾಗ ತಾನೇ ಎದ್ದು ಮತ್ತ ಹಿಡಿಯೂಹಂಗ ನಾಲ್ಕು ಸಾಲಿನ ಸ್ಕ್ರಿಪ್ಟ್ ಒಂದು ಬರ್ಕೊಂಡೀನಿ, ಅದನ್ನ ಇಲ್ಲಿ ಹಾಕಂಗಿಲ್ಲ, ಅದು ನನ್ನ ರೊಟ್ಟಿ. ಮೊಬೈಲ್ ಮನಿದಾಗ ಎಲ್ಲಿಟ್ರ ಸಿಗ್ನಲ್ ಛಲೋ ಬರ್ತದ ಅನ್ನೋದೂ ನಿಮ್ಮ ನಿಮ್ಮ ಮನಿದಾಗ ಹುಡ್ಕೋರಿ.

ಇನ್ನೊಂದು ತಾಪ, ಖರೇ ತಾಪ. ತಾಸಿನ ಮ್ಯಾಲ ಹಂಗೇ ಏರ್ಸಿಕೋಂತ ಹೋದ್ರ ಮೊಬೈಲು ಹೆಂಚಿನಂಗ ಕಾಯ್ತದ, ಕಾದ ಕೂಡ್ಲೇ ಸ್ಪೀಡ್ 4ರಿಂದ 1ಕ್ಕ ಬೀಳ್ತದ. ಕೂಲರ್ ಮುಂದಿಟ್ಟೆ, ಕರೆಂಟ್ ಹೋದ್ರ ಕೂಲರೂ ಬಂದ್. ಕಡೀಗಿ ಕವರ್ ತೆಗ್ದು ಶಹಾಬಾದ್ ಫರಸಿ ಮ್ಯಾಲ ಬೋರಲು ಇಟ್ಟೆ. ನಮ್ಮ ಮನಿ ಹಳೇದು, ನಡುಮನಿ ಪೂರಾ ಫರಸಿ, ರಾತ್ರಿ ಒಂದು ಗಂಟಿ ಆದ ಮ್ಯಾಲ ಕಾಲಿಟ್ರ ತಣ್ಣಗ. ಅರ್ಧ ತಾಸಿಗೊಮ್ಮಿ ಎದ್ದು ಇನ್ನೊಂದು ಕಲ್ಲಿನ ಮ್ಯಾಲ ಸರ್ಸೋದು, ಯಾಕಂದ್ರ ಇಟ್ಟ ಕಲ್ಲೂ ಬೆಚ್ಚಗಾಗಿರ್ತಿತ್ತು. ಹೆಂಡ್ತಿ "ಕೂಸಿಗಿ ಮಗ್ಲಾ ಬದಲಿ ಮಾಡಿದಂಗ ಮಾಡ್ತೀರಿ" ಅಂದ್ಲು.

ಚೀಲಕ್ಕ 13-14 ನಿಮಿಷ ಹಿಡೀತು, ರಾತ್ರಿ ಒಂದರಿಂದ ಐದರ ತನಕ, ಎರಡು ರಾತ್ರಿದಾಗ 25 ಚೀಲ ಅಮೆರಿಕಾ ಮುಟ್ಟಿದ್ವು.

ಆ ರಾತ್ರಿ ಎಚ್ಚರ ಇರ್ಲಾಕ ಸುಮ್ನ ಓದ್ಲಾಕತ್ತಾಗ ಗೊತ್ತಾಗಿದ್ದು, ಎಫ್‌ಟಿಪಿ ಮೊದ್ಲ ಬರ್ದವರು ನಮ್ಮ ದೇಶದವರೇ, ಅಭಯ್ ಭೂಷಣ್ ಅಂತ, ಐಐಟಿ ಕಾನ್ಪುರದಾಗ ಕಲ್ತವರು, 1971ರಾಗ ಎಂಐಟಿದಾಗ ಇದ್ದಾಗ ಬರ್ದಾರ. 1971! ಐವತ್ತು ವರ್ಷ ಆಗಿ ಹೋದ್ರೂ ನಮ್ಮಂಥವರ ಅಂಗಡಿ ಅದ್ರ ಮ್ಯಾಲೇ ನಡೀಲಾಕತ್ತಾವ. ಬ್ರೌಸರ್‌ನವರು ಮಾತ್ರ 2021ರಾಗ ಕೈ ಬಿಟ್ರು, ಕ್ರೋಮ್ ಫೈರ್‌ಫಾಕ್ಸ್ ಎರಡೂ. ಮಠದ ಹುಡುಗೊಬ್ಬ ಕ್ರೋಮ್‌ನಾಗ ಎಫ್‌ಟಿಪಿ ಅಡ್ರೆಸ್ ಹಾಕಿ "ಸರ್ ನೀವು ಏನೂ ಏರ್ಸೇ ಇಲ್ಲ" ಅಂತ ಅಪ್ಪಾವ್ರ ಮುಂದೇ ಅಂದಿದ್ದ, ಅವನಿಗಿ ತಿಳ್ಸಿ ಹೇಳೋದ್ರಾಗ ಸಾಕಾಯ್ತು.

ಬಿಚ್ಚೋಕಿಂತ ಮೊದ್ಲ ಪ್ರತಿ ಝಿಪ್ಪೂ ಸರ್ವರ್‌ನಾಗೇ ಟೆಸ್ಟ್ ಮಾಡ್ದೆ. ಮೊಬೈಲಿಂದ ಹೋದ 25ರಾಗ ಒಂದೂ ಕೆಟ್ಟಿದ್ದಿಲ್ಲ. 1996ರದ್ದು ಸಿಆರ್‌ಸಿ (ಫೈಲ್ ಕೆಟ್ಟದೋ ಇಲ್ಲೋ ನೋಡೋ ಲೆಕ್ಕ) ತಪ್ಪಂತು, ಅದು ಲ್ಯಾಪ್‌ಟಾಪಿಂದ ಹೋದ ಮೂರನೇದು, ನಡುವ ಲೈನ್ ಕಟ್ಟಾಗಿ ಫೈಲ್‌ಝಿಲ್ಲಾದಾಗ ರಿಸ್ಯೂಮ್ ಕೊಟ್ಟಿದ್ದೆ, ಅದು ಸೈಜ್ ಅಷ್ಟೇ ನೋಡಿ ಮುಂದ ಜೋಡಿಸ್ತದ, ಒಳಗ ಏನದ ಅಂತ ನೋಡಂಗಿಲ್ಲ. ಬಿಚ್ಚಿದ ಮ್ಯಾಲ ಒಂದಿಷ್ಟು ಫೋಲ್ಡರ್ 403 (ಒಳಗ ಬರಂಗಿಲ್ಲ) ಅಂದ್ವು. ಮೊದಲೆಲ್ಲಾ ಇಂಥಾದಕ್ಕ ಕಣ್ಮುಚ್ಚಿ 777 (ಯಾರು ಬೇಕಾದ್ರೂ ತಿದ್ದೋ ಪರ್ಮಿಷನ್) ಹೊಡೀತಿದ್ದೆ, ಒಮ್ಮಿ ಒಬ್ರ ಸೈಟಿನಾಗ ಯಾರೋ ಜೂಜಿನ ಪುಟ ತುಂಬಿ ಹೋದ್ಮ್ಯಾಲ ಬುದ್ಧಿ ಬಂದದ. ಫೋಲ್ಡರಿಗಿ 755, ಫೈಲಿಗಿ 644 (ಎಲ್ಲರೂ ನೋಡ್ಬಹುದು, ತಿದ್ದೋದು ಮಾಲಕ ಒಬ್ಬನೇ), ಅಷ್ಟೇ.

ಲೆಕ್ಕ ನೆನಪಿದ್ದಷ್ಟು ಹೇಳ್ತೀನಿ. ಡೇಟಾ ಪ್ಯಾಕಿಗಿ 1,100-1,200 ಹೋಗಿರ್ಬೇಕು, ಅದರಾಗ ಅರ್ಧಕ್ಕಿಂತ ಜಾಸ್ತಿ ಮೊದಲೆರಡು ಸಲದ ದಂಡ. ಹೋಸ್ಟಿಂಗ್ 2,600. ಹೈದರಾಬಾದಿಗಿ ಹೋಗಿದ್ರ ಬಸ್ಸು, ಲಾಡ್ಜು, ಎರಡು ದಿನ ಅಂಗಡಿ ಬಂದ್, ಮೂರೂವರಿ ಸಾವಿರಕ್ಕ ಕಮ್ಮಿ ಇಲ್ಲ, ಮತ್ತ ಅಲ್ಲಿಂದ ಒಂದು ಫೈಲ್ ತಪ್ಪಿದ್ರ ಮತ್ತ ಹೈದರಾಬಾದು.

1996ರ ಚೀಲ ಮತ್ತ ಮೊಬೈಲಿಂದ ಕಳಿಸ್ದೆ, 14 ನಿಮಿಷ. ಅದು ಮುಗ್ಯೂತನಕ ಹೊರಗ ಬೆಳಕ ಹರ್ದಿತ್ತು, ಮೊಬೈಲ್ ಕಿಸೇದಾಗ ಹಾಕ್ಕೊಂಡು ಹೋಗಿ ಎರಡು ಪ್ಲೇಟ್ ಸುಸಲಾ, ಮಿರ್ಚಿ ಬಜಿ ಹೊಡ್ದೆ. ಅಪ್ಪಾವ್ರು ಜಾತ್ರಿ ದಿನ ತಾವೇ ಮೊಬೈಲ್‌ದಾಗ 1994ರ ಮೊದಲ ಸಂಚಿಕಿ ತೆಗ್ದು ತಮ್ಮ ಗುರುಗಳ ಫೋಟೊ ದೊಡ್ಡದು ಮಾಡಿ ನೋಡಿದ್ರು, ಬಾಕಿ 12 ಸಾವಿರದ ಜೊತಿ ಒಂದು ಶಾಲೂ ಬಂತು. ದೋಸ್ತನ ಕೈಯಾಗ ಈಗ ಒಂದು ಮದುವಿ ಸ್ಟುಡಿಯೋದ 60 ಜಿಬಿ ಕೆಲಸ ಅದ ಅಂತ. ಮೊಬೈಲ್‌ದಾಗ 60 ಜಿಬಿ ನಾನೂ ಏರ್ಸಿಲ್ಲ, ನಮ್ಮ ಮನಿ ಫರಸಿ ಮಾತ್ರ ಬಾಡಿಗಿ ಕೊಡ್ತೀನಿ, ರಾತ್ರಿಗಿ 200 ಅಂತ ಹೇಳೀನಿ.