ಹೊಸ ಚೀಲ ಕೊಳ್ಳೋ ಮುಂಚೆ ಹಳೇ ಪಂಚೆ ಹುಡುಕಿ

ನಮ್ಮನೆ ಮುಂಬಾಗಿಲ ಹಿಂದೆ, ಸ್ಕೂಟರ್ ಕೀಲಿ ತೂಗುಹಾಕೋ ಮೊಳೆ ಪಕ್ಕದಲ್ಲೇ ಇನ್ನೆರಡು ಮೊಳೆ ಹೊಡೆಸಿದ್ದೀನಿ. ಒಂದರಲ್ಲಿ ತರಕಾರಿ ಚೀಲ, ಇನ್ನೊಂದರಲ್ಲಿ ಮೂರು ಸ್ಟೀಲ್ ಡಬ್ಬಿ ಇರೋ ಚೀಲ. ಕೀಲಿ ತಗೊಳ್ಳೋಕೆ ಕೈ ಚಾಚಿದರೆ ಚೀಲ ಕಣ್ಣಿಗೆ ಬೀಳಲೇಬೇಕು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ ಆಗಿದ್ದು 2016ರಲ್ಲಿ. ಆಗಲೇ ನಾನು ಆರು ಕಾಟನ್ ಚೀಲ ಕೊಂಡು ತಂದು, ಮಡಿಚಿ ಬೀರುವಿನಲ್ಲಿ ಇಟ್ಟಿದ್ದೆ. ಅವು ಅಲ್ಲೇ ಉಳಿದವು. ಅಂಗಡಿ ಮುಂದೆ ನಿಂತಾಗಲೇ ನೆನಪಾಗೋದು, ಮತ್ತೆ ಕವರ್ ತಗೊಂಡು ಮನೆಗೆ ಬರೋದು.

ಆಮೇಲೆ ಓದಿದ ಒಂದು ವಿಷಯ ಇನ್ನೂ ಚುಚ್ಚಿತು. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಲೆಕ್ಕ ಹಾಕಿದ ಪ್ರಕಾರ, ಹೊಸ ಹತ್ತಿ ಚೀಲ ಒಂದನ್ನ ಕನಿಷ್ಠ 52 ಸಲ ಬಳಸಿದರೆ ಮಾತ್ರ ಹವಾಮಾನದ ದೃಷ್ಟಿಯಿಂದ ಅದು ಪ್ಲಾಸ್ಟಿಕ್ ಚೀಲಕ್ಕೆ ಸಮ. ಪರಿಸರದ ಮೇಲಿನ ಬೇರೆಲ್ಲ ಪರಿಣಾಮವನ್ನೂ ಲೆಕ್ಕಕ್ಕೆ ತಗೊಂಡರೆ ಸಾವಿರಗಟ್ಟಲೆ ಸಲ. ಹತ್ತಿ ಬೆಳೆಯೋಕೆ, ನೂಲೋಕೆ, ನೇಯೋಕೆ ಅಷ್ಟು ಖರ್ಚು. ಹಾಗಾಗಿ ದಯವಿಟ್ಟು ಹೊಸದು ಕೊಳ್ಳಬೇಡಿ. ಮನೆಯಲ್ಲಿ ಸವೆದ ಪಂಚೆ ಇದ್ದೇ ಇರುತ್ತೆ.

ಅದರಿಂದ ಫ್ರಿಜ್ಜಲ್ಲಿ ಸೊಪ್ಪು ಇಡೋ ಚೀಲ ಹೊಲಿಯೋದು ಹೀಗೆ. ನಾಲ್ಕು ಮೊಳದ ಪಂಚೆಯನ್ನ ಬೆಳಕಿಗೆ ಹಿಡಿದು ನೋಡಿ. ಕೂರೋ ಜಾಗದಲ್ಲಿ ನೂಲು ತೆಳುವಾಗಿ ಜಾಲರಿಯಂತೆ ಕಾಣುತ್ತೆ, ಅದನ್ನ ಬಿಟ್ಟುಬಿಡಿ. ಉಳಿದಿದ್ದರಲ್ಲಿ 13 ಇಂಚು ಅಗಲ, 35 ಇಂಚು ಉದ್ದದ ತುಂಡು ಕತ್ತರಿಸಿ. ನಮ್ಮವರ ಪಂಚೆಯಲ್ಲಿ ಐದು ತುಂಡು ಬಂದವು. ತುಂಡನ್ನ ಉದ್ದ ಅರ್ಧ ಆಗೋ ಹಾಗೆ ಎರಡಾಗಿ ಮಡಿಚಿ, ಒಳಮೈ ಒಳಗೇ ಇರೋ ಹಾಗೆ ಎರಡೂ ಪಕ್ಕ ಅಂಚಿಗೇ ಒಂದು ಹೊಲಿಗೆ ಹಾಕಿ. ಆಮೇಲೆ ಚೀಲ ಮಗುಚಿ ಅದೇ ಪಕ್ಕಗಳಿಗೆ ಸ್ವಲ್ಪ ಒಳಗೆ ಇನ್ನೊಂದು ಹೊಲಿಗೆ. ಈಗ ಬಿಚ್ಚಿದ ನೂಲು ಎರಡು ಹೊಲಿಗೆ ನಡುವೆ ಸಿಕ್ಕಿಕೊಳ್ಳುತ್ತೆ, ಕೊತ್ತಂಬರಿಗೆ ಎಳೆ ಅಂಟೋದಿಲ್ಲ. ಬಾಯಿಯನ್ನ ಒಂದು ಇಂಚು ಒಳಕ್ಕೆ ಮಡಿಚಿ ಹೊಲಿಯುವಾಗ ಒಂದು ಕಡೆ ಬೆರಳು ಹೋಗೋಷ್ಟು ಜಾಗ ಬಿಡಿ. ಲಾಡಿಗೆ ಪಂಚೆಯ ಬಣ್ಣದ ಅಂಚೇ ಸಾಕು, ಅದರ ನೇಯ್ಗೆ ಗಟ್ಟಿ. ಪಿನ್ನು ಚುಚ್ಚಿ ಒಳಗಿಂದ ತಳ್ಳುತ್ತಾ ಹೋದರೆ ಸುತ್ತು ಬಂದು ಆಚೆ ಬರುತ್ತೆ.

ಸಂತೆಯಿಂದ ಬಂದ ಕೂಡಲೇ ಸೊಪ್ಪಿನ ಬೇರು ಕತ್ತರಿಸಿ, ಕೊಳೆತ ಎಲೆ ತೆಗೆದು, ತೊಳೆಯದೆ ಚೀಲಕ್ಕೆ ಹಾಕಿ. ಚೀಲವನ್ನ ಮಾತ್ರ ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿರಬೇಕು. ತೊಟ್ಟಿಕ್ಕಿದರೆ ಸೊಪ್ಪು ಕೊಳೆಯುತ್ತೆ, ಪೂರ್ತಿ ಒಣಗಿದ್ದರೆ ಬಾಡುತ್ತೆ. ಎರಡನೇ ದಿನ ಮೇಲೆ ಒಂಚೂರು ನೀರು ಚಿಮುಕಿಸಿ. ನಮ್ಮ ಫ್ರಿಜ್ಜಲ್ಲಿ ಕೊತ್ತಂಬರಿ ಐದು ದಿನ ನಿಲ್ಲುತ್ತೆ. ಪ್ಲಾಸ್ಟಿಕ್ ಕವರಲ್ಲಿ ಮೂರನೇ ದಿನಕ್ಕೇ ಲೋಳೆಯಾಗ್ತಿತ್ತು.

ಬಟ್ಟೆ ಅಂಗಡಿಗಳಲ್ಲಿ ಕೊಡೋ, ಬಟ್ಟೆಯಂತೆಯೇ ಕಾಣೋ ಒರಟು ಚೀಲ ಇದೆಯಲ್ಲ, ಅದು ಪಾಲಿಪ್ರೊಪಿಲೀನ್. ಅಂದ್ರೆ ಪ್ಲಾಸ್ಟಿಕ್ಕೇ. ಪೇಪರ್ ಲೋಟದ ಒಳಗೂ ತೆಳು ಪ್ಲಾಸ್ಟಿಕ್ ಪದರ ಇರುತ್ತೆ. ಮನೆಯಲ್ಲಿ ನಾಮಕರಣ, ತಿಥಿ ಏನೇ ಆದರೂ ಶಾಮಿಯಾನದವರ ಹತ್ತಿರ ಸ್ಟೀಲ್ ಲೋಟ ಬಾಡಿಗೆಗೆ ಸಿಗುತ್ತೆ, ಅದನ್ನೇ ತರಿಸಿ.

ಡಬ್ಬಿಗಳ ವಿಷಯ. ಮಾಂಸದಂಗಡಿಗೆ, ಹೋಟೆಲಿನ ಸಾಂಬಾರ್‌ಗೆ, ದೋಸೆ ಹಿಟ್ಟಿಗೆ ಡಬ್ಬಿ ಒಯ್ಯೋರು ಒಂದು ಮಾತು ಮೊದಲೇ ಹೇಳಬೇಕು: “ಅಣ್ಣಾ, ಖಾಲಿ ಡಬ್ಬಿ ಇಟ್ಟು ಸೊನ್ನೆ ಮಾಡಿ, ಆಮೇಲೆ ತೂಗಿ.” ಕವರಿಗೆ ಹಾಕಿ ಕಟ್ಟಿದ ಮೇಲೆ ಹೇಳಿದರೆ ಕವರನ್ನ ಬಿಸಾಡಿ ಡಬ್ಬಿಗೆ ಸುರೀತಾರೆ, ಪ್ರಯೋಜನ ಏನು?

ಒರೆಸೋ ಬಟ್ಟೆಯಲ್ಲಿ ನಾನು ಒಂದು ಸಲ ಸೋತೆ. ಟಿಶ್ಯೂ ರೋಲ್ ಬಿಟ್ಟು ಒಂದು ದೊಡ್ಡ ಟರ್ಕಿ ಟವೆಲ್ ಇಟ್ಟುಕೊಂಡಿದ್ದೆ. ಎರಡೇ ದಿನಕ್ಕೆ ಮುಗ್ಗಲು ವಾಸನೆ, ತಿಂಗಳಲ್ಲಿ ಮತ್ತೆ ಟಿಶ್ಯೂ. ದಪ್ಪ ಬಟ್ಟೆ ಅಡುಗೆಮನೆಯಲ್ಲಿ ಒಣಗೋದೇ ಇಲ್ಲ. ಈಗ ನಮ್ಮತ್ತೆಯ ಹಳೇ ವಾಯಿಲ್ ಸೀರೆ ಹರಿದು ಮಾಡಿದ, ಕರ್ಚೀಫಿನಷ್ಟಿರೋ ಇಪ್ಪತ್ತು ತುಂಡು ಇವೆ. ಬೆಳಿಗ್ಗೆ ಎರಡು ತೆಗೆಯೋದು, ರಾತ್ರಿ ಬಕೆಟ್ಟಿಗೆ ಹಾಕೋದು. ವಾರಕ್ಕೊಮ್ಮೆ ವಾಷಿಂಗ್ ಸೋಡಾ ಹಾಕಿ ಕುದಿಸಿದರೆ ಜಿಡ್ಡು ಬಿಡುತ್ತೆ. ಬಿಸಿ ಪಾತ್ರೆ ಹಿಡಿಯೋ ಮಸಿಬಟ್ಟೆ ಮಾತ್ರ ಬೇರೆಯೇ ಇರಲಿ. ಪಾತ್ರೆ ಉಜ್ಜೋಕೆ ಬಲಿತು ಒಣಗಿದ ತುಪ್ಪದ ಹೀರೆ ನಾರು ಸಾಕು.

ಮುಟ್ಟಿನ ಬಟ್ಟೆ ಬಳಸೋರು ಮೊದಲು ತಣ್ಣೀರಲ್ಲೇ ನೆನೆಸಿ, ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತೆ. ನಾಚಿಕೊಂಡು ಬಾತ್‌ರೂಮಿನ ಮೂಲೆಯಲ್ಲಿ ಒಣಹಾಕಬೇಡಿ, ಅದಕ್ಕೆ ಬಿಸಿಲು ಬೇಕೇ ಬೇಕು. ಮಗಳು ಬಟ್ಟೆ ಬದಲು, ಒಳಗೆ ಇಟ್ಟುಕೊಳ್ಳೋ ಮುಟ್ಟಿನ ಕಪ್ ಬಳಸ್ತಾಳೆ. ಪ್ರತಿ ತಿಂಗಳು ಮುಟ್ಟು ಮುಗಿದ ಮೇಲೆ ಅದಕ್ಕೇ ಅಂತ ಇಟ್ಟಿರೋ ಪುಟ್ಟ ಪಾತ್ರೆಯಲ್ಲಿ ಕುದಿಸಿ, ಗಾಳಿಯಾಡೋ ಬಟ್ಟೆ ಚೀಲದಲ್ಲಿ ಇಡ್ತಾಳೆ.

ಎಲ್ಲವನ್ನೂ ಬದಲಾಯಿಸೋಕೆ ಆಗಲ್ಲ. ನಮ್ಮತ್ತೆ ಹಾಸಿಗೆ ಹಿಡಿದ ಎಂಟು ತಿಂಗಳು ಡೈಪರ್ ತಂದೆವು, ಬಟ್ಟೆ ಹಾಕಿದರೆ ಅವರ ಬೆನ್ನು ಹುಣ್ಣಾಗ್ತಿತ್ತು. ರೋಗಿ ಇರೋ ಮನೆಯವರು ಇದಕ್ಕೆ ಮನಸ್ಸು ಕೆಡಿಸಿಕೊಳ್ಳಬೇಡಿ. ಬಳಸಿದ್ದನ್ನ ಪೇಪರಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಹಸಿ ಕಸ ಒಣ ಕಸ ಎರಡಕ್ಕೂ ಸೇರಿಸದೆ ಬೇರೆಯಾಗಿ ಕೊಡಿ. ಕಸ ವಿಂಗಡಿಸೋರು ಅದನ್ನ ಕೈಯಲ್ಲಿ ಬಿಚ್ಚೋ ಹಾಗಾಗಬಾರದು.

ಈ ವಾರ ಎರಡು ಮೊಳೆ ಹೊಡೆಯಿರಿ, ಒಂದು ಪಂಚೆ ಕತ್ತರಿಸಿ. ಒರೆಸೋ ಬಟ್ಟೆ ಮುಂದಿನ ತಿಂಗಳಿಗಿರಲಿ. ಮಳೆಗಾಲದಲ್ಲಂತೂ ಶುರು ಮಾಡಬೇಡಿ, ಒಣಗಿಸೋದೇ ದೊಡ್ಡ ಪಾಡು.