ಬಾಲ ಬಿಡಿಸುವ ಕೆಲಸ ನೀರಿಗೆ ಬಿಡಿ: ಮಕ್ಕಳ ಜೊತೆ ಕೆಂದಳಿಲಿನ ಚಿತ್ರ

ನಮ್ಮ ತೋಟದ ಆಫೀಸಿನ ಹಿಂದೆ ಒಂದು ಹಳೆಯ ಹಲಸಿನ ಮರ ಇದೆ. ಜೂನ್‌ನಲ್ಲಿ ಹಣ್ಣಿನ ವಾಸನೆ ಬರಲು ಶುರುವಾದರೆ ಸಾಕು, ಬೆಳಿಗ್ಗೆ 7 ಗಂಟೆಗೆಲ್ಲ ಕೆಂದಳಿಲು, ಅಂದರೆ ಕಾಡಿನ ದೊಡ್ಡ ಅಳಿಲು, ಹಾಜರ್. ಹಣ್ಣಿಗೆ ತೂತು ಕೊರೆದು, ತೊಳೆ ಎಳೆದು, ಎರಡೂ ಕೈಯಲ್ಲಿ ಹಿಡಿದು ತಿನ್ನುತ್ತದೆ. ಕೆಳಗೆ ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಮಕ್ಕಳು ಕತ್ತೆತ್ತಿ ನಿಂತಿರುತ್ತಾರೆ.

ನಾನು ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲ್ (ಕೆಲಸಗಾರರ ಹಾಜರಿ ಪುಸ್ತಕ) ಬರೆಯುವುದು, ಗೊಬ್ಬರದ ಲೆಕ್ಕ ಇಡುವುದು, ದಿನಾ ಬೆಳಿಗ್ಗೆ ಮಳೆ ಅಳೆದು ಬರೆಯುವುದು ನನ್ನ ಕೆಲಸ. ಭಾನುವಾರ ಮಾತ್ರ ನನ್ನ ಮಗಳು ಮತ್ತು ಲೈನಿನ ಏಳೆಂಟು ಮಕ್ಕಳು ನಮ್ಮ ಜಗಲಿಯಲ್ಲಿ ಸೇರುತ್ತಾರೆ. ಚಿತ್ರ ಬರೆಯುತ್ತೇವೆ. ಅವರಲ್ಲಿ ಚಿಕ್ಕವನಿಗೆ 6 ವರ್ಷ, ದೊಡ್ಡವಳಿಗೆ 12.

ಮೊದಮೊದಲು ಆನೆ, ಹುಲಿ, ನವಿಲು ಅಂತ ಮಾಡಿಸುತ್ತಿದ್ದೆ. ಮಕ್ಕಳು ಪುಸ್ತಕ ನೋಡಿ ನಕಲು ಮಾಡುತ್ತಿದ್ದರು. ಕೆಂದಳಿಲು ಶುರು ಮಾಡಿದ ಮೇಲೆ ಜಗಳ ಬಂತು. "ಸಾರ್, ಅದರ ಕಿವಿ ಹಾಗಿಲ್ಲ, ನಾನು ನೋಡಿದ್ದೇನೆ" ಎಂದು ಒಬ್ಬ. "ಹೊಟ್ಟೆ ಬಿಳಿ ಅಲ್ಲ ಸಾರ್, ಹಾಲು ಜಾಸ್ತಿ ಹಾಕಿದ ಕಾಫಿ ಥರ" ಎಂದು ಇನ್ನೊಬ್ಬಳು. ಆ ಜಗಳ ನನಗೆ ತುಂಬಾ ಇಷ್ಟವಾಯಿತು. ಕಣ್ಣಾರೆ ಕಂಡ ಪ್ರಾಣಿಯಾದರೆ ಮಕ್ಕಳು ಸುಮ್ನೆ ಒಪ್ಪಿಕೊಳ್ಳುವುದಿಲ್ಲ, ಅಲ್ವಾ?

ಮೊದಲು ಹತ್ತು ನಿಮಿಷ ನೋಡಿ

ಪೆನ್ಸಿಲ್, ಹಾಳೆ ಏನೂ ಕೊಡಬೇಡಿ. ಕೆಂದಳಿಲು ಓಡಾಡುವುದು ಬೆಳಿಗ್ಗೆ ಮತ್ತು ಸಂಜೆಗೆ ಮೊದಲು. ಮಧ್ಯಾಹ್ನ ಕೊಂಬೆಯ ಮೇಲೆ ಮಲಗಿಬಿಡುತ್ತದೆ. ನೆಲಕ್ಕೆ ಇಳಿಯುವುದು ತೀರಾ ಅಪರೂಪ. ಹಾಗಾಗಿ ಮರದ ಮೇಲ್ಭಾಗ ನೋಡಬೇಕು. ಕಟಕಟ ಎಂದು ಗಿಲಕಿ ಆಡಿಸಿದ ಹಾಗೆ ಕೂಗುತ್ತದೆ. ಆ ಸದ್ದು ಹಿಡಿದು ಹುಡುಕಿದರೆ ಸಿಗುತ್ತದೆ. ಎಲೆ, ಕಡ್ಡಿ ಸೇರಿಸಿ ಕಟ್ಟಿದ ದೊಡ್ಡ ಚೆಂಡಿನಂಥ ಗೂಡು ಕಂಡರೆ ಆ ಮರವನ್ನು ಗುರುತು ಇಟ್ಟುಕೊಳ್ಳಿ.

ನಮ್ಮ ಕಡೆಯ ಕೆಂದಳಿಲಿನ ತಲೆ ಮತ್ತು ಬೆನ್ನಿನ ನಡುಭಾಗ ಕೆಂಪು ಬೆರೆತ ಕಂದು. ಭುಜ, ಸೊಂಟ, ಬಾಲ ಕಪ್ಪಿನ ಕಡೆಗೆ. ಹೊಟ್ಟೆ ಮತ್ತು ಮುಂಗಾಲು ಕೆನೆ ಬಣ್ಣ. ಎರಡು ಕಿವಿಯ ನಡುವೆ ಒಂದು ಬಿಳಿ ಚುಕ್ಕೆ. ಎಲ್ಲ ಕಡೆ ಹೀಗೇ ಇರುವುದಿಲ್ಲ. ಪಶ್ಚಿಮ ಘಟ್ಟದಲ್ಲೇ ಬೇರೆ ಜಾಗಕ್ಕೆ ಹೋದರೆ ಕಪ್ಪು, ಕೆಂಪಿನ ಹಂಚಿಕೆ ಬೇರೆ. ಮಹಾರಾಷ್ಟ್ರದಲ್ಲಿ ಇದನ್ನು ಶೇಕರು ಎನ್ನುತ್ತಾರೆ, ಅಲ್ಲಿನ ರಾಜ್ಯ ಪ್ರಾಣಿ ಇದು. ಇದನ್ನು ಹೇಳಿದಾಗ ನಮ್ಮ ಮಕ್ಕಳಿಗೆ ಆದ ಖುಷಿ ನೋಡಬೇಕಿತ್ತು.

ಮುಖ್ಯವಾಗಿ ಬಾಲ ನೋಡಲು ಹೇಳಿ. ದೇಹ ಒಂದು ಅಡಿಗಿಂತ ಸ್ವಲ್ಪ ಜಾಸ್ತಿ, ಬಾಲ ಅದಕ್ಕಿಂತಲೂ ಉದ್ದ. ತಿನ್ನುವಾಗ ಕೊಂಬೆಯ ಈಚೆ ತಲೆ, ಕೈ ಇದ್ದರೆ ಆಚೆ ಬಾಲ ನೇತಾಡುತ್ತದೆ. ತಕ್ಕಡಿಯ ಎರಡು ತಟ್ಟೆ ಇದ್ದ ಹಾಗೆ. ಬಾಲ ಇಲ್ಲದಿದ್ದರೆ ಅದು ಬಿದ್ದೇ ಹೋಗುತ್ತಿತ್ತು ಎಂದು ಮಕ್ಕಳಿಗೆ ಹೇಳಿ. ಆಮೇಲೆ ಯಾರೂ ಬಾಲವನ್ನು ಗಿಡ್ಡ ಮಾಡುವುದಿಲ್ಲ.

ಏನೇನು ಬೇಕು

12 ಬಣ್ಣದ ವಾಟರ್ ಕಲರ್ ಡಬ್ಬ ಸಾಕು. ನಾವು ಬಳಸುವುದು ಕ್ಯಾಮೆಲ್‌ನ ಕೇಕ್ ಬಣ್ಣ. 2 ಮತ್ತು 8ನೇ ನಂಬರಿನ ದುಂಡು ಬ್ರಷ್, ಎರಡು ಲೋಟ ನೀರು, ಹಳೆಯ ಹತ್ತಿ ಬಟ್ಟೆ, ಒಂದು ತುಂಡು ಬಿಳಿ ಮೇಣದಬತ್ತಿ, ಪರೀಕ್ಷೆಗೆ ಒಯ್ಯುವ ಪ್ಯಾಡ್. ಜೊತೆಗೆ ಕಾಲು ಲೋಟ ಗಟ್ಟಿ ಕಾಫಿ ಡಿಕಾಕ್ಷನ್. ಸಕ್ಕರೆ ಹಾಕಬೇಡಿ, ಚಿತ್ರಕ್ಕೆ ಇರುವೆ ಬರುತ್ತದೆ. ಚಿಕೋರಿ ಬೆರೆಸಿದ ಪುಡಿಯಾದರೆ ಬಣ್ಣ ಇನ್ನೂ ಗಾಢ.

ಹಾಳೆಯ ವಿಷಯದಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಮಾಮೂಲಿ ಡ್ರಾಯಿಂಗ್ ಪುಸ್ತಕದ ಹಾಳೆ ನೀರು ಬಿದ್ದ ಕೂಡಲೇ ಸುರುಟಿಕೊಳ್ಳುತ್ತದೆ, ಎರಡು ಸಲ ಬ್ರಷ್ ಆಡಿಸಿದರೆ ಎದ್ದು ಬರುತ್ತದೆ. ಮಗು "ನನಗೆ ಬರಲ್ಲ" ಅಂದುಕೊಳ್ಳುತ್ತದೆ. ತಪ್ಪು ಮಗುವಿನದಲ್ಲ, ಹಾಳೆಯದು. ಮಡಿಕೇರಿ ಅಥವಾ ಕುಶಾಲನಗರದ ಸ್ಟೇಷನರಿ ಅಂಗಡಿಯಲ್ಲಿ 300 ಜಿಎಸ್‌ಎಂ ವಾಟರ್ ಕಲರ್ ಹಾಳೆ ಎಂದು ಕೇಳಿ (ಜಿಎಸ್‌ಎಂ ಅಂದರೆ ಹಾಳೆಯ ತೂಕದ ಅಳತೆ, ಜಾಸ್ತಿ ಇದ್ದಷ್ಟೂ ಹಾಳೆ ದಪ್ಪ). 200 ಸಿಕ್ಕರೂ ನಡೆಯುತ್ತದೆ. ದುಡ್ಡು ಜಾಸ್ತಿ ಅನ್ನಿಸಿದರೆ ಎ4 ಹಾಳೆಯನ್ನು ಎರಡು ತುಂಡು ಮಾಡಿ. ಚಿಕ್ಕ ಹಾಳೆ, ಒಳ್ಳೆಯ ಹಾಳೆ.

ಕೊಡಗಿನವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಹಾಳೆಯನ್ನು ಕಪಾಟಿನಲ್ಲಿ ಹಾಗೇ ಇಟ್ಟರೆ ತೇವ ಎಳೆದುಕೊಂಡು ಹಾಳಾಗುತ್ತದೆ. ಆಮೇಲೆ ಬಣ್ಣ ಹಾಕಿದರೆ ಒತ್ತುಕಾಗದದ ಹಾಗೆ ಕಲೆ ಕಲೆಯಾಗಿ ಹೀರುತ್ತದೆ. ನಾನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಗಟ್ಟಿ ಮುಚ್ಚಳದ ಬಿಸ್ಕತ್ ಡಬ್ಬದಲ್ಲಿ ಇಡುತ್ತೇನೆ. ಬಣ್ಣದ ಡಬ್ಬವನ್ನೂ ಒದ್ದೆ ಇರುವಾಗ ಮುಚ್ಚಬೇಡಿ, ಕೇಕಿನ ಮೇಲೆ ಬೂಷ್ಟು ಬೆಳೆಯುತ್ತದೆ.

ಪೆನ್ಸಿಲ್ ಕೆಲಸ

ಎ4 ಹಾಳೆಯನ್ನು ನಿಲ್ಲಿಸಿದ ಹಾಗೆ ಉದ್ದುದ್ದ ಇಟ್ಟುಕೊಳ್ಳಿ. ಹಾಳೆಯ ನಡುವೆ ಸ್ವಲ್ಪ ಓರೆಯಾಗಿ ಒಂದು ಕೊಂಬೆ ಎಳೆಯಿರಿ. ಎರಡು ಬೆರಳಿನಷ್ಟು ದಪ್ಪ ಇರಲಿ.

ಕೊಂಬೆಯ ಮೇಲೆ ಒಂದು ಬೆಣ್ಣೆಹಣ್ಣು ಕೂರಿಸಿ. ಅಗಲ ಭಾಗ ಕೆಳಗೆ, ಸಪೂರ ಭಾಗ ಮೇಲೆ. ಅದೇ ದೇಹ, ಸುಮಾರು 9 ಸೆಂಟಿಮೀಟರ್. ಅದರ ತುದಿಗೆ ಅಂಟಿಕೊಂಡ ಹಾಗೆ ಒಂದು ನಿಂಬೆಹಣ್ಣು, ಅದು ತಲೆ. ನಿಂಬೆಯ ಚೂಪು ತುದಿ ಒಂದು ಪಕ್ಕಕ್ಕೆ ಬರಲಿ, ಮೂಗು ಆಗುತ್ತದೆ. ತಲೆಯ ಮೇಲೆ ಎರಡು ಕಾಫಿ ಬೀಜ, ಕಿವಿ. ಒಂದು ಒಳ್ಳೆಮೆಣಸು, ಕಣ್ಣು. ಇವೆಲ್ಲ ನಮ್ಮ ಮಕ್ಕಳೇ ಕೊಟ್ಟ ಹೆಸರು. ಅಂಡಾಕಾರ, ವೃತ್ತ ಎಂದು ನಾನು ಹೇಳಿದಾಗ ಪೆನ್ಸಿಲ್ ಹಿಡಿದು ನನ್ನ ಮುಖ ನೋಡುತ್ತಿದ್ದರು. ಬೆಣ್ಣೆಹಣ್ಣು ಅಂದ ಕೂಡಲೇ ಎಲ್ಲರ ಕೈ ಓಡಿತು.

ಹೊಟ್ಟೆಯ ಮುಂದೆ ಎರಡು ಚಿಕ್ಕ ಕೈ, ಕೈಯಲ್ಲಿ ಒಂದು ಹಲಸಿನ ತೊಳೆ. ಹಿಂಗಾಲಿಗೆ ದೇಹದ ಕೆಳಗೆ ಅರ್ಧ ಚಂದ್ರದಂಥ ಒಂದು ಗೆರೆ ಸಾಕು. ಬೆರಳು ಎಣಿಸಿ ಬರೆಯುವ ಅಗತ್ಯ ಇಲ್ಲ.

ಬಾಲವನ್ನು ಪೆನ್ಸಿಲಿನಲ್ಲಿ ಪೂರ್ತಿ ಬರೆಯಬೇಡಿ. ಕೊಂಬೆಯ ಕೆಳಗೆ 14 ಸೆಂಟಿಮೀಟರ್ ಉದ್ದಕ್ಕೆ, ಸ್ವಲ್ಪ ಬಾಗಿದ ಒಂದೇ ಒಂದು ತೆಳು ಗೆರೆ ಎಳೆಯಿರಿ. ಅದು ಬಾಲದ ಮೂಳೆ ಅಂದುಕೊಳ್ಳಿ. ಕೂದಲು ಆಮೇಲೆ.

ಪೆನ್ಸಿಲ್ ಒತ್ತಬಾರದು. ಒತ್ತಿದ ಗೆರೆಯ ಮೇಲೆ ನೀರು ಹೋದ ಮೇಲೆ ರಬ್ಬರಿಗೂ ಅಳಿಯುವುದಿಲ್ಲ.

ಮೇಣದ ಮಳೆ

ಇದು ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟದ ಭಾಗ. ಖಾಲಿ ಜಾಗದಲ್ಲಿ ಮೇಣದಬತ್ತಿಯ ಅಂಚಿನಿಂದ ಓರೆಯಾಗಿ ಗೆರೆ ಎಳೆಯಲು ಹೇಳಿ. ಸ್ವಲ್ಪ ಒತ್ತಿ ಎಳೆಯಬೇಕು. ಬಿಳಿ ಹಾಳೆಯ ಮೇಲೆ ಏನೂ ಕಾಣಿಸುವುದಿಲ್ಲ. ಅಳಿಲಿನ ಮೈ ಮೇಲೆ ಮತ್ತು ಬಾಲದ ಜಾಗದಲ್ಲಿ ಮಾತ್ರ ಬೇಡ, ಅಲ್ಲಿ ಆಮೇಲೆ ಬಣ್ಣ ಹಿಡಿಯುವುದಿಲ್ಲ.

ಈಗ ನೀಲಿಗೆ ಒಂದು ಚೂರು ಕಂದು ಸೇರಿಸಿ, ತುಂಬಾ ನೀರು ಬೆರೆಸಿ. ಮಳೆಗಾಲದ ಮೋಡದ ಬೂದು ಬರುತ್ತದೆ. ದೊಡ್ಡ ಬ್ರಷ್‌ನಲ್ಲಿ ಅಳಿಲಿನ ಸುತ್ತ ಬಳಿಯಿರಿ. ಬಾಲದ ಗೆರೆಯ ಮೇಲೆ ಹೋದರೂ ಪರವಾಗಿಲ್ಲ. ಮೇಣ ಇದ್ದಲ್ಲಿ ನೀರು ಹಿಡಿಯದೆ ಬಿಳಿ ಬಿಳಿ ಮಳೆ ಗೆರೆ ಎದ್ದು ಬರುತ್ತದೆ. ಪ್ರತಿ ಸಲವೂ ಜಗಲಿಯಲ್ಲಿ ಕೂಗು ಏಳುತ್ತದೆ. ನೂರು ಸಲ ನೋಡಿದ ನನಗೂ ಇನ್ನೂ ಸಾಕಾಗಿಲ್ಲ.

ಇಲ್ಲಿ ಕಾಯಬೇಕು. ಫೆಬ್ರವರಿ ಬಿಸಿಲಲ್ಲಿ ಹತ್ತು ನಿಮಿಷಕ್ಕೆ ಒಣಗುವ ಹಾಳೆ ಜುಲೈನಲ್ಲಿ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತದೆ. ನಾವು ಬಚ್ಚಲುಮನೆಯ ಹಂಡೆ ಒಲೆಯಿಂದ ನಾಲ್ಕು ಅಡಿ ದೂರ ಸಾಲಾಗಿ ಇಡುತ್ತೇವೆ. ಇನ್ನೂ ಹತ್ತಿರ ಇಟ್ಟರೆ ಮೇಣ ಕರಗುತ್ತದೆ, ಹಾಳೆ ಬಾಗುತ್ತದೆ. ಒಣಗಿದೆಯಾ ಎಂದು ಬೆರಳಿನ ಹಿಂಭಾಗದಿಂದ ಮುಟ್ಟಿ ನೋಡಿ. ತಣ್ಣಗಿದ್ದರೆ ಇನ್ನೂ ಒದ್ದೆ ಎಂದೇ ಲೆಕ್ಕ.

ಮೈ ಬಣ್ಣ

ತಿಳಿಯಿಂದ ಗಾಢಕ್ಕೆ ಹೋಗಿ. ಮೊದಲು ಕೆನೆ: ಹಳದಿ ಒಂದು ಚೂರು, ಕಂದು ಅದಕ್ಕಿಂತ ಕಡಿಮೆ, ನೀರು ಜಾಸ್ತಿ. ಹೊಟ್ಟೆ, ಕೈ, ಕೆನ್ನೆಗೆ ಹಾಕಿ. ಕಿವಿಯ ನಡುವಿನ ಚುಕ್ಕೆಗೆ ಏನೂ ಬೇಡ, ಹಾಳೆಯ ಬಿಳಿಯೇ ಅದರ ಬಿಳಿ.

ಅದು ಪೂರ್ತಿ ಒಣಗಿದ ಮೇಲೆ ಕಂದಿಗೆ ಸ್ವಲ್ಪ ಕೆಂಪು ಸೇರಿಸಿ ತಲೆ ಮತ್ತು ಬೆನ್ನಿಗೆ ಹಾಕಿ. ಆ ಕೆಂಪು ಒದ್ದೆ ಇರುವಾಗಲೇ ಭುಜ ಮತ್ತು ಸೊಂಟಕ್ಕೆ ಕಪ್ಪು ಮುಟ್ಟಿಸಿ. ಎರಡೂ ತಾವಾಗಿಯೇ ಬೆರೆಯುತ್ತವೆ, ನಡುವೆ ಗಡಿ ಕಾಣುವುದಿಲ್ಲ. ಡಬ್ಬದ ಕಪ್ಪು ಬಳಸಬೇಡಿ ಎನ್ನುವುದು ನನ್ನ ಹಟ. ಅದು ಚಿತ್ರದಲ್ಲಿ ಮಸಿಯ ಹಾಗೆ ಸತ್ತು ಕೂರುತ್ತದೆ. ಕಂದು ಮತ್ತು ಕಡುನೀಲಿ ಸಮಸಮ ಬೆರೆಸಿ ನೋಡಿ. ಬರುವ ಕಪ್ಪಿನೊಳಗೆ ಬಿಸಿಲು ಬಿದ್ದ ಕೂದಲಿನ ಹೊಳಪು ಇರುತ್ತದೆ.

ಈಗ ಬಾಲ

ಎರಡು ವರ್ಷದ ಹಿಂದೆ ಜುಲೈನ ಒಂದು ಭಾನುವಾರ. ನಾಲ್ಕನೇ ಕ್ಲಾಸಿನ ಒಬ್ಬಳು ಬಾಲದ ಒಂದೊಂದೇ ಕೂದಲು ಬರೆಯುತ್ತಾ ಒಂದು ಗಂಟೆ ಕೂತಿದ್ದಳು. ಸೂಜಿ ಚುಚ್ಚಿದ ಹಾಗೆ ಕಾಣುತ್ತಿತ್ತು. ಹಿಂದಿನ ಬಣ್ಣ ಒಣಗಿದೆ ಎಂದು ನಾನೇ ತಪ್ಪು ಹೇಳಿ ಅದರ ಮೇಲೆ ಕಪ್ಪು ಹಾಕಿಸಿದೆ. ಒಣಗಿರಲಿಲ್ಲ. ಕಪ್ಪು ಹರಡಿಕೊಂಡು ಹೋಯಿತು, ಅವಳು ಅತ್ತಳು. ಸಮಾಧಾನ ಮಾಡುತ್ತಾ ಹಾಳೆ ನೋಡಿದರೆ, ಹರಡಿದ ಜಾಗ ಥೇಟ್ ಕೆಂದಳಿಲಿನ ಬಾಲ! ಅಷ್ಟು ಮೆತ್ತಗೆ, ಅಷ್ಟು ತುಪ್ಪಳವಾಗಿ. ಅವಳನ್ನೇ ಕರೆದು ತೋರಿಸಿದೆ. ಅಂದಿನಿಂದ ನಮ್ಮಲ್ಲಿ ಬಾಲ ಬಿಡಿಸುವುದು ನೀರು.

ಹೀಗೆ ಮಾಡಿ. ಚೊಕ್ಕ ನೀರಿನಲ್ಲಿ ದೊಡ್ಡ ಬ್ರಷ್ ಅದ್ದಿ, ಬಾಲದ ಗೆರೆಯ ಎರಡೂ ಪಕ್ಕ ಎರಡೆರಡು ಬೆರಳು ಅಗಲಕ್ಕೆ ಹಾಳೆ ಒದ್ದೆ ಮಾಡಿ. ಬಣ್ಣ ಬೇಡ, ಬರೀ ನೀರು. ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಓರೆಯಾಗಿ ನೋಡಿ. ನೀರು ಹರಿಯುತ್ತಿದ್ದರೆ ಜಾಸ್ತಿಯಾಯಿತು, ಬಟ್ಟೆಯ ತುದಿಯಿಂದ ಹೀರಿ. ಹರಿಯದೆ ಬರೀ ಹೊಳೆಯುತ್ತಿದ್ದರೆ ಒಂದರಿಂದ ಹತ್ತರವರೆಗೆ ಎಣಿಸಿ. ಹೊಳಪು ಸ್ವಲ್ಪ ಮಂಕಾಗುವ ಹೊತ್ತಿಗೆ ಸರಿ.

ಚಿಕ್ಕ ಬ್ರಷ್‌ನಲ್ಲಿ ಗಟ್ಟಿ ಕಪ್ಪು ತೆಗೆದುಕೊಂಡು, ಮೂಳೆಯ ಗೆರೆಯ ಮೇಲೆ ಮೇಲಿನಿಂದ ಕೆಳಗೆ ಒಂದೇ ಸಲ ಎಳೆಯಿರಿ. ಕೈ ತೆಗೆಯಿರಿ. ಬಣ್ಣ ಎರಡೂ ಕಡೆ ನಿಧಾನವಾಗಿ ಹರಡುತ್ತದೆ, ಅಂಚಿಗೆ ಬರುವಷ್ಟರಲ್ಲಿ ತೆಳುವಾಗುತ್ತದೆ. ಮಕ್ಕಳ ಕೈ ಮತ್ತೆ ಬ್ರಷ್‌ಗೆ ಹೋಗುತ್ತದೆ, ತಡೆಯಿರಿ. ನಾವೆಲ್ಲ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನೋಡುತ್ತೇವೆ. ಒಂದು ನಿಮಿಷ ಬಿಟ್ಟು, ಬೇಕಿದ್ದರೆ ಬಾಲದ ಬುಡದಲ್ಲಿ ಒಂದು ಹನಿ ಕೆಂಪುಕಂದು. ಅರ್ಧ ಒಣಗಿದಾಗ ಹಲ್ಲುಕಡ್ಡಿಯಿಂದ ನಡುವಿನಿಂದ ಹೊರಕ್ಕೆ ಏಳೆಂಟು ಗೀರು ಎಳೆದರೆ ಕೂದಲು ಕೆದರಿದ ಹಾಗೆ ಆಗುತ್ತದೆ.

ಬಣ್ಣ ಹರಡದೆ ಗೆರೆಯಾಗಿಯೇ ನಿಂತರೆ ಹಾಳೆ ಒಣಗಿತ್ತು ಎಂದರ್ಥ. ಗೆರೆಯ ಪಕ್ಕ ಒದ್ದೆ ಬ್ರಷ್ ಆಡಿಸಿ, ಸ್ವಲ್ಪ ಮಟ್ಟಿಗೆ ಸರಿಹೋಗುತ್ತದೆ. ಹೂಕೋಸಿನ ಹಾಗೆ ಅಂಚು ಕಟ್ಟಿದರೆ ನೀರು ಜಾಸ್ತಿಯಾಗಿತ್ತು. ಅದನ್ನು ಹಾಗೇ ಬಿಡಿ, ತಿದ್ದಲು ಹೋದರೆ ಹಾಳೆ ಕಿತ್ತು ಬರುತ್ತದೆ. ಮಳೆಯಲ್ಲಿ ನೆನೆದ ಅಳಿಲಿನ ಬಾಲ ನಿಜಕ್ಕೂ ಹಾಗೆ ಗಂಟುಗಂಟಾಗಿ ಅಂಟಿಕೊಂಡಿರುತ್ತದೆ.

ಕೊಂಬೆ, ಕಣ್ಣು, ಹಿಂಬದಿ

ಕೊಂಬೆಗೆ ಡಿಕಾಕ್ಷನ್. ಒಂದು ಸಲ ಬಳಿದು ಒಣಗಿಸಿ, ಕೆಳಗಿನ ಅಂಚಿಗೆ ಮಾತ್ರ ಇನ್ನೊಂದು ಸಲ ಬಳಿದರೆ ಕೊಂಬೆ ದುಂಡಗೆ ಕಾಣುತ್ತದೆ. ಮಳೆಗಾಲವಾದರೆ ಅಲ್ಲಲ್ಲಿ ಹಸಿರು ಚುಕ್ಕೆ ಇಡಿ, ಪಾಚಿ. ತೊಳೆಗೆ ಹಳದಿ.

ಕಣ್ಣು ಎಲ್ಲಕ್ಕಿಂತ ಕೊನೆಗೆ. ಗಟ್ಟಿ ಕಪ್ಪಿನ ಒಂದು ಚುಕ್ಕೆ, ಅದರೊಳಗೆ ಸಾಸಿವೆಯಷ್ಟು ಬಿಳಿ ಬಿಡಬೇಕು. ಚಿಕ್ಕ ಮಕ್ಕಳಿಗೆ ಅದು ಕಷ್ಟ. ಮೊದಲೇ ಅಲ್ಲಿ ಮೇಣದ ಚೂಪು ತುದಿ ಒತ್ತಿಟ್ಟರೆ ಬಿಳಿ ತಾನೇ ಉಳಿಯುತ್ತದೆ. 6 ವರ್ಷದವನಿಗೆ ನಾನು ದೇಹವನ್ನು ಒಂದೇ ಬಣ್ಣದಲ್ಲಿ ಮಾಡಲು ಬಿಡುತ್ತೇನೆ. ಆದರೆ ಮೇಣದ ಮಳೆ ಮತ್ತು ಬಾಲ ಮಾತ್ರ ಅವನೇ ಮಾಡಬೇಕು. ದೊಡ್ಡವರು ಬ್ರಷ್ ಕಸಿದುಕೊಂಡು ಚೆಂದ ಮಾಡಿಕೊಡಬಾರದು, ದಯವಿಟ್ಟು.

ಪೂರ್ತಿ ಒಣಗಿದ ಮೇಲೆ ಹಾಳೆ ತಿರುಗಿಸಿ. ಹಿಂದೆ ಪೆನ್ಸಿಲಿನಲ್ಲಿ ಹೆಸರು, ತಾರೀಕು, ಅಳಿಲು ಕಂಡ ಮರ ಯಾವುದು, ಅವತ್ತಿನ ಮಳೆ ಎಷ್ಟು ಇಂಚು ಎಂದು ಬರೆಯಿಸಿ. ಮಳೆಯ ಲೆಕ್ಕ ಕೇಳಲು ಮಕ್ಕಳು ಆಫೀಸಿಗೆ ಓಡಿ ಬರುತ್ತಾರೆ. ನಾನು ರಿಜಿಸ್ಟರ್ ತೆಗೆದು ಅವರ ಮುಂದೆ ಇಡುತ್ತೇನೆ, ಅವರೇ ನೋಡಿ ಬರೆದುಕೊಳ್ಳುತ್ತಾರೆ.